ನಲವತ್ನಾಲ್ಕು ಸೀಟಿನ ಲೆಕ್ಕ

ಹನ್ನೊಂದು ವರ್ಷ ನಾನು ಅವರ ಜೊತೆ ಕೆಲಸ ಮಾಡಿದೆ. ಅಷ್ಟು ವರ್ಷಗಳಲ್ಲಿ ಕೇಳಿದ ಕೂಡಲೇ ಅವರು ‘ಆಗ್ತದ’ ಎಂದದ್ದು ನನಗೆ ನೆನಪಿಲ್ಲ. ಏನೇ ಕೇಳಿದರೂ “ಎಷ್ಟು ಉಳದದ ನೋಡಿ ಹೇಳ್ತೀನ್ರಿ” ಎನ್ನುತ್ತಿದ್ದರು. ಲ್ಯಾಬ್ ಒಂದು ತಾಸು ಹೆಚ್ಚಿಗೆ ತೆರೆದಿಡುತ್ತೀರಾ ಎಂದರೂ ಅದೇ ಉತ್ತರ, ಮಗಳ ಮದುವೆಗೆ ಬರುತ್ತೀರಾ ಎಂದರೂ ಅದೇ ಉತ್ತರ. ಮದುವೆಗೆ ಕರೆಯಲು ಬಂದಿದ್ದ ನಮ್ಮ ಗುಮಾಸ್ತರು ಸಿಟ್ಟಾಗಿ, ಕೊಟ್ಟ ಪತ್ರಿಕೆಯನ್ನು ವಾಪಸ್ ಇಸಿದುಕೊಂಡು ಹೋಗಿದ್ದರು. ಎರಡು ದಿನ ಬಿಟ್ಟು ಇವರೇ ಅವರ ಮೇಜಿನ ಬಳಿ ಹೋಗಿ, ಬರುತ್ತೇವೆ, ಊಟಕ್ಕೆ ಮೂರು ಮಂದಿ ಎಂದು ಹೇಳಿದರು. ಮದುವೆಯ ದಿನ ಹೇಳಿದ ವೇಳೆಗೆ ಮೂರೇ ಮಂದಿ ಹೋಗಿ, ಉಂಡು, ಅಕ್ಷತೆ ಹಾಕಿ ಬಂದರು. ಕಾಲೇಜಿನಿಂದ ಬರುತ್ತೇವೆಂದು ಒಪ್ಪಿಕೊಂಡಿದ್ದ ನಾವು ಇಪ್ಪತ್ತು ಮಂದಿಯಲ್ಲಿ ಹೋದವರು ಏಳು.

ಅವರು ತೀರಿಕೊಂಡು ಎರಡು ತಿಂಗಳಾಯಿತು. ಸೇಡಂನವರು. ಶಹಾಬಾದಿನ ಹೊರಗಿದ್ದ ನಮ್ಮ ಖಾಸಗಿ ಪಾಲಿಟೆಕ್ನಿಕ್‌ನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಿದ್ದರು. ಕಾಲೇಜಿನ ಹೆಸರು ಬೇಡ. ಅವರ ಹೆಸರೂ ಬೇಡ. ಹಾಕಿದರೆ “ಯಾಕ್ರಿ ಇದೆಲ್ಲ” ಎನ್ನುವ ಮನುಷ್ಯ. ಹುಡುಗರಿಗೆ ಅವರು ಲ್ಯಾಬ್ ಸರ್. ನಾನು ವಿಭಾಗದ ಮುಖ್ಯಸ್ಥ, ಅಂದರೆ ಕಾಗದದ ಮೇಲೆ ಅವರು ನನ್ನ ಕೈಕೆಳಗಿನವರು. ನಾನು ಪುಸ್ತಕ ಓದಿ ಪಾಠ ಹೇಳುತ್ತಿದ್ದೆ, ಅವರು ಯಂತ್ರದ ಹೊಟ್ಟೆಗೆ ಕೈ ಹಾಕುತ್ತಿದ್ದರು. ಇಬ್ಬರಲ್ಲಿ ಯಾರಿಗೆ ಹೆಚ್ಚು ಗೊತ್ತು ಎಂಬುದು ಇಬ್ಬರಿಗೂ ಗೊತ್ತಿತ್ತು. ಆ ಮಾತು ನಾವು ಎತ್ತುತ್ತಿರಲಿಲ್ಲ.

ಕುಳ್ಳಗೆ, ತೆಳ್ಳಗೆ ಇದ್ದರು. ಹಣೆಯ ಮೇಲೆ ವಿಭೂತಿ, ಅಂಗಿಯ ಕಿಸೆಯಲ್ಲಿ ಒಂದು ಪೆನ್ನು, ಒಂದು ಪೆನ್ಸಿಲ್, ಒಂದು ರಬ್ಬರು. ಸೇಡಂನಲ್ಲಿ ಬೆಳಗಿನ ಪ್ಯಾಸೆಂಜರ್ ಹತ್ತುತ್ತಿದ್ದರು, ನಾನು ಅದೇ ಗಾಡಿಯನ್ನು ಚಿತ್ತಾಪುರದಲ್ಲಿ ಹಿಡಿಯುತ್ತಿದ್ದೆ. ವಾಡಿಯಲ್ಲಿ ಇಳಿದು, ಗಾಡಿ ಬದಲಿಸಿ, ಶಹಾಬಾದ್. ದಿನಕ್ಕೆ ಎರಡು ಸಲ ಒಂದೇ ಡಬ್ಬಿಯಲ್ಲಿ ಕೂತರೂ ನಮ್ಮ ನಡುವೆ ಮಾತು ಕಡಿಮೆ. ಅವರಿಗೆ ಹರಟೆ ಬರುತ್ತಿರಲಿಲ್ಲ. ನಾನು ಹರಟೆಮಲ್ಲ, ಆದರೆ ಎದುರಿಗೆ ಗೋಡೆ ಇಟ್ಟುಕೊಂಡು ಎಷ್ಟಂತ ಮಾತಾಡಲಿ?

ನಮ್ಮ ಲ್ಯಾಬಿನಲ್ಲಿ ಅರವತ್ತು ಕಂಪ್ಯೂಟರುಗಳಿದ್ದವು, ಎಲ್ಲವೂ ಮುದಿಯಾದವು. ಹೊಸವನ್ನು ಕೊಡಿಸಲು ಆಡಳಿತ ಮಂಡಳಿಗೆ ಮನಸ್ಸಿರಲಿಲ್ಲ. ಆಗ ಅವರೇ ಒಂದು ದಾರಿ ಹುಡುಕಿದ್ದರು. ಮೂಲೆಯ ಸಣ್ಣ ಖೋಲಿಯಲ್ಲಿ ಒಂದೇ ಒಂದು ಗಟ್ಟಿ ಯಂತ್ರ, ಸರ್ವರ್. ಹೊರಗಿನ ಅರವತ್ತೂ ಅದರ ಪರದೆಗಳು ಮಾತ್ರ. ಹುಡುಗರು ಹೊರಗೆ ಕೂತು ಕೀಲಿ ಒತ್ತಿದರೆ ಕೆಲಸವೆಲ್ಲ ನಡೆಯುವುದು ಒಳಗಿನ ಸರ್ವರಿನ ಮೆಮೊರಿಯಲ್ಲಿ. ಹೀಗಾಗಿ ಲ್ಯಾಬಿನಲ್ಲಿ ಒಟ್ಟಿಗೆ ಎಷ್ಟು ಮಂದಿ ಕೂರಬಹುದು ಎಂಬುದನ್ನು ಕುರ್ಚಿ ಎಣಿಸಿ ಹೇಳಲು ಬರುತ್ತಿರಲಿಲ್ಲ. ಆ ಒಂದು ಯಂತ್ರದಲ್ಲಿ ಎಷ್ಟು ಮೆಮೊರಿ ಉಳಿದಿದೆ ಎಂದು ನೋಡಬೇಕಾಗಿತ್ತು.

ಸರ್ವರನ್ನು ದಿನಾ ಬೆಳಿಗ್ಗೆ ಅವರೇ ಚಾಲೂ ಮಾಡಬೇಕು. ಬೇರೆಯವರು ಗುಂಡಿ ಒತ್ತಿದರೆ ಆ ದಿನವೆಲ್ಲ ಮುಖ ಗಂಟು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಿ, ಗುಂಡಿ ಒತ್ತಿ, ಕೈ ಕಟ್ಟಿ ನಿಂತು, ಕಪ್ಪು ಪರದೆಯ ಮೇಲೆ ಸರಸರ ಓಡುವ ಬಿಳಿ ಸಾಲುಗಳನ್ನು ನೋಡುತ್ತಿದ್ದರು. ಯಂತ್ರದಲ್ಲಿ ಯಾರಿಗೆ ಎಷ್ಟು ಜಾಗ ಎಂದು ಹಂಚುವ ಯಜಮಾನನಿಗೆ ಕರ್ನೆಲ್ ಎಂದು ಹೆಸರು. ಆ ಕರ್ನೆಲ್ ಏಳುತ್ತಲೇ ತನ್ನ ಕೈಯಲ್ಲಿ ಎಷ್ಟು ಮೆಮೊರಿ ಇದೆ ಎಂದು ಎಣಿಸಿಕೊಂಡು ಒಂದು ಸಾಲು ಬರೆಯುತ್ತದೆ. ಇವರು ಆ ಸಾಲನ್ನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಿದ್ದರು. ಇಷ್ಟಕ್ಕೇ ಹತ್ತು ನಿಮಿಷ. ನನಗಿದು ಒಂದು ಪೂಜೆಯಂತೆ ಕಾಣುತ್ತಿತ್ತು, ಅದನ್ನು ಹೇಳಿ ಗೇಲಿಯನ್ನೂ ಮಾಡುತ್ತಿದ್ದೆ.

ಒಂದು ದಿನ ಹದಿನಾರು ಜಿಬಿ ಇರಬೇಕಾದಲ್ಲಿ ಹನ್ನೆರಡು ಎಂದು ಬಂತು. ಹುಡುಗರು ಹೊರಗೆ ಕಾಯುತ್ತಿದ್ದರು. ಇವರು ಮುಚ್ಚಳ ಬಿಚ್ಚಿ, ನಾಲ್ಕು ಮೆಮೊರಿ ಪಟ್ಟಿಗಳನ್ನೂ ಒಂದೊಂದಾಗಿ ತೆಗೆದು, ಕಿಸೆಯ ರಬ್ಬರಿನಿಂದ ಅವುಗಳ ಹಿತ್ತಾಳೆ ಬಣ್ಣದ ಹಲ್ಲುಗಳನ್ನು ಉಜ್ಜಿದರು. ಕಲ್ಲು ಕೊಯ್ಯುವ ಪುಡಿ, ಸಿಮೆಂಟಿನ ಪುಡಿ ನಮ್ಮ ಕಡೆ ಊಟದ ತಾಟನ್ನೂ ಬಿಡುವುದಿಲ್ಲ, ಇನ್ನು ಇದನ್ನು ಬಿಟ್ಟೀತೇ? ಮತ್ತೆ ಜೋಡಿಸಿದಾಗ ಹದಿನಾರು ಬಂತು. ಒಂದು ದಿನ ನಾಲ್ಕು ಜಿಬಿ ಕಡಿಮೆಯಾಗಿದ್ದರೆ ಏನು ಮುಳುಗುತ್ತಿತ್ತು ಎಂದು ನಾನು ಕೇಳಿದೆ.

“ನಿಮಗ ಏನೂ ಆಗ್ತಿದ್ದಿಲ್ರಿ ಸರ. ಕಡೀಕ ಬಂದು ಕುಂತ ಹುಡುಗ್ರಿಗಿ ಆಗ್ತಿತ್ತು” ಎಂದು ಹೇಳಿ ರಬ್ಬರನ್ನು ಕಿಸೆಗೆ ಹಾಕಿಕೊಂಡರು.

ನಾನು ಮೂರು ದಿನ ಹಲಗೆಯ ಮೇಲೆ ಬರೆದು ಹೇಳುವ ಪಾಠವನ್ನು ಅವರು ನೆಲ ತೋರಿಸಿ ಅರ್ಧ ತಾಸಿನಲ್ಲಿ ಮುಗಿಸುತ್ತಿದ್ದರು. ಲ್ಯಾಬಿನ ನೆಲಕ್ಕೆ ನಮ್ಮೂರಿನದೇ ಫರ್ಸಿ ಕಲ್ಲು ಹಾಸಿತ್ತು. ಒಂದೊಂದು ಫರ್ಸಿಯ ಮೇಲೆ ಒಬ್ಬೊಬ್ಬರು ಕೂತರೆ ಎಷ್ಟು ಮಂದಿ ಕೂರಬಹುದು, ಎಣಿಸಿ ಎನ್ನುತ್ತಿದ್ದರು. ಹುಡುಗರು ಗೋಡೆಯಿಂದ ಗೋಡೆಗೆ ಎಣಿಸಿ ಒಂದು ಸಂಖ್ಯೆ ಹೇಳುತ್ತಿದ್ದರು. ಆಮೇಲೆ ಅವರ ಕಳೆಯುವ ಕೆಲಸ ಶುರು. ಕಪಾಟಿನ ಕೆಳಗಿನವು ಇಲ್ಲ, ಅವು ಕಟ್ಟಡದವರು ಮೊದಲೇ ಹಿಡಿದವು. ಮೇಷ್ಟ್ರ ಮೇಜಿನ ಕೆಳಗಿನವು ಇಲ್ಲ, ಅದು ಕರ್ನೆಲ್ ತಾನು ಕೂರುವ ಜಾಗ. ಯಾವ ಫರ್ಸಿಯ ಮೇಲೆ ಯಾರಿದ್ದಾರೆಂದು ಪಟ್ಟಿ ಹಿಡಿದು ಒಬ್ಬ ನಿಂತಿರಬೇಕಲ್ಲ, ಅವನಿಗೂ ಒಂದು ಫರ್ಸಿ. ಎಣಿಸುವುದಕ್ಕೇ ಜಾಗ ಹೋಗುತ್ತದೆ ಎಂಬುದು ಹುಡುಗರಿಗೆ ಭಾರಿ ಮೋಜಿನ ಸಂಗತಿಯಾಗಿತ್ತು. ಕೊನೆಗೆ ಬಾಗಿಲ ಬಳಿಯ ನಾಲ್ಕು ಫರ್ಸಿಗಳಿಗೆ ಸೀಮೆಸುಣ್ಣದಿಂದ ಗೆರೆ ಎಳೆದು, ಇಲ್ಲಿ ಯಾರೂ ಕೂರುವಂತಿಲ್ಲ ಎನ್ನುತ್ತಿದ್ದರು. ಯಾಕೆ ಎಂದು ಯಾರಾದರೂ ಕೇಳಿಯೇ ಕೇಳುತ್ತಿದ್ದರು.

“ಖೋಲಿ ತುಂಬಿದಾಗ ಒಬ್ಬರನ್ನ ಎಬ್ಬಿಸಿ ಹೊರಗ ಕಳಿಸಬೇಕಂದ್ರ, ಅವರು ದಾಟಿ ಹೋಗಲಿಕ್ಕ ಜಾಗ ಬೇಕಲ್ಲಪಾ. ಇದೂ ತುಂಬಿತಂದ್ರ ಯಾರೂ ಒಳಗ ಬರಂಗಿಲ್ಲ, ಯಾರೂ ಹೊರಗ ಹೋಗಂಗಿಲ್ಲ.”

ಇದಾದ ಮೇಲೆ ಗಾಡಿಯ ಉದಾಹರಣೆ. ವಾಡಿ ಪ್ಯಾಸೆಂಜರಿನಲ್ಲಿ ಅರ್ಧ ಸೀಟುಗಳ ಮೇಲೆ ಮನುಷ್ಯರಿರುವುದಿಲ್ಲ, ಟವೆಲ್ ಇರುತ್ತದೆ. ಮೆಮೊರಿಯಲ್ಲೂ ಹಾಗೆಯೇ. ಒಮ್ಮೆ ಓದಿದ ಕಡತ ಮತ್ತೆ ಬೇಕಾಗಬಹುದೆಂದು ಕರ್ನೆಲ್ ಅದನ್ನು ಖಾಲಿ ಜಾಗದಲ್ಲಿ ಹಾಗೇ ಇಟ್ಟುಕೊಂಡಿರುತ್ತದೆ. ಹೊರಗಿನಿಂದ ನೋಡಿದರೆ ಎಲ್ಲ ತುಂಬಿದಂತೆ ಕಾಣುತ್ತದೆ, ಸ್ವಲ್ಪ ಸರೀರಿ ಎಂದರೆ ಟವೆಲ್ ಎತ್ತಿ ಜಾಗ ಬಿಡುತ್ತಾರೆ. ಎಲ್ಲರೂ ಎತ್ತುವುದಿಲ್ಲ. ಆದ್ದರಿಂದ ನಿಜವಾಗಿ ಸಿಗುವ ಜಾಗ ಎಷ್ಟೆಂದರೆ, ಖಾಲಿ ಇದ್ದದ್ದರಲ್ಲಿ ಕಾದಿರಿಸಿದ್ದನ್ನು ಕಳೆದು, ಟವೆಲ್ ಹಾಕಿದ್ದರಲ್ಲಿ ಅರ್ಧವನ್ನು ಕೂಡಿಸಬೇಕು. ಹೀಗೆ ಅವರು ಕಲಿಸುತ್ತಿದ್ದರು. ಈಗಿನ ಯಂತ್ರಗಳು ಸಿಗುವ ಜಾಗವನ್ನು ತಾವೇ ಲೆಕ್ಕ ಹಾಕಿ ಪರದೆಯ ಮೇಲೆ ತೋರಿಸುತ್ತವೆ. ನಮ್ಮ ಸರ್ವರಿನಲ್ಲಿದ್ದದ್ದು ಹಳೆಯ ಆವೃತ್ತಿ, ಹಾಗಾಗಿ ಪೆನ್ಸಿಲ್ ಹಿಡಿದು ಕೈಲೆಕ್ಕ. ಆ ‘ಅರ್ಧ’ ಎಂಬ ಮಾತನ್ನು ಓದುಗರು ಸ್ವಲ್ಪ ಲಕ್ಷ್ಯದಲ್ಲಿಡಬೇಕು.

ಒಳ್ಳೆಯವರು ಎಂದು ಹೇಳಿ ಮುಗಿಸಿಬಿಡುವಂಥ ಮನುಷ್ಯ ಅವರಲ್ಲ. ಹಟಮಾರಿ. ಹುಡುಗರನ್ನು ಹೊಗಳಿದ್ದು ನಾನು ಕೇಳಿಲ್ಲ. ಯಾರದೋ ಬೀಳ್ಕೊಡುಗೆಯ ಊಟದಲ್ಲಿ ಹೋಳಿಗೆ ಬಡಿಸುವವನು ಎದುರಿಗೆ ಬರುವ ಮೊದಲೇ ಎಲೆಯ ಮೇಲೆ ಕೈ ಅಡ್ಡ ಹಿಡಿದು, ಬಡಿಸುವವನ ಉತ್ಸಾಹವನ್ನೇ ಕೆಡಿಸಿದ್ದರು. ಹೊಟ್ಟೆಯಲ್ಲೂ ನಾಲ್ಕು ಫರ್ಸಿ ಬಿಟ್ಟಿದ್ದೀರೇನು ಎಂದು ನಾವೆಲ್ಲ ನಕ್ಕೆವು. ಅವರು ನಗಲಿಲ್ಲ, ಕೈಯನ್ನೂ ತೆಗೆಯಲಿಲ್ಲ.

ಇನ್ನು ನಮ್ಮ ಕಾಲೇಜಿನ ರೂಢಿಯೊಂದನ್ನು ಹೇಳಬೇಕು. ಅಲ್ಲಿ ಕೇಳುವವರು ಯಾವಾಗಲೂ ಹೆಚ್ಚಿಗೆ ಕೇಳುತ್ತಿದ್ದರು, ಕೊಡುವವರು ಕಡಿಮೆ ಹೇಳುತ್ತಿದ್ದರು. ಪ್ರಿನ್ಸಿಪಾಲರಿಗೆ ಹತ್ತೂವರೆಗೆ ಮೀಟಿಂಗ್ ಬೇಕಿದ್ದರೆ ಒಂಬತ್ತೂವರೆ ಎಂದು ಬರೆಸುತ್ತಿದ್ದರು, ನಾವು ಹತ್ತೂವರೆಗೇ ಹೋಗುತ್ತಿದ್ದೆವು. ಐವತ್ತು ಕುರ್ಚಿ ಬೇಕಿದ್ದವರು ಎಂಬತ್ತು ಎನ್ನುತ್ತಿದ್ದರು, ಎಂಬತ್ತಿದ್ದವರು ಐವತ್ತಿವೆ ಎನ್ನುತ್ತಿದ್ದರು. ಯಾರು ಹೇಳಿದ್ದರಲ್ಲಿ ಎಷ್ಟು ಕಳೆಯಬೇಕು, ಎಷ್ಟು ಕೂಡಿಸಬೇಕು ಎಂಬುದು ತಿಳಿದಿದ್ದರೆ ಕೆಲಸ ಸುಸೂತ್ರ. ಇದನ್ನು ಸುಳ್ಳು ಎಂದು ಯಾರೂ ಎಣಿಸುತ್ತಿರಲಿಲ್ಲ, ನಾನಂತೂ ಎಣಿಸಲಿಲ್ಲ. ಲ್ಯಾಬ್ ಸರ್ ಒಂದು ಸಂಖ್ಯೆ ಹೇಳಿದರೆ ಅದಕ್ಕೆ ಮೂರನೇ ಒಂದು ಪಾಲು ಕೂಡಿಸಿಕೊಳ್ಳಬೇಕೆಂದು ನಾನು ಮನಸ್ಸಿನಲ್ಲೇ ಗೊತ್ತುಮಾಡಿಕೊಂಡಿದ್ದೆ.

ಅವರು ನಿವೃತ್ತರಾಗುವ ಒಂದೂವರೆ ವರ್ಷ ಮೊದಲು ಒಂದು ಸಿಮೆಂಟ್ ಕಾರ್ಖಾನೆಯವರು ತಮ್ಮ ಕಂಟ್ರೋಲ್ ರೂಮಿಗೆ ಹನ್ನೆರಡು ಮಂದಿಯನ್ನು ಆರಿಸಿಕೊಳ್ಳಲು ನಮ್ಮ ಲ್ಯಾಬಿನಲ್ಲಿ ಪರೀಕ್ಷೆ ನಡೆಸುವುದೆಂದು ಗೊತ್ತಾಯಿತು. ಊರ ಹತ್ತಿರವೇ ಖಾಯಂ ಕೆಲಸ. ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆಯ ಡಿಪ್ಲೊಮಾ ಮುಗಿಸಿದ ಮಕ್ಕಳಿಗೆ ಇದಕ್ಕಿಂತ ದೊಡ್ಡದು ಬೇರೆ ಇರಲಿಲ್ಲ. ಎಷ್ಟು ಮಂದಿಗೆ ಜಾಗವಿದೆ ಎಂದು ಪ್ರಿನ್ಸಿಪಾಲರು ನನ್ನನ್ನು ಕೇಳಿದರು. ಲ್ಯಾಬಿನಲ್ಲಿ ಅರವತ್ತು ಕುರ್ಚಿ ಕಣ್ಣೆದುರಿಗಿದ್ದವು, ಅರವತ್ತು ಎಂದೆ. ಅರವತ್ತು ಮಂದಿಗೆ ಪತ್ರ ಹೋಯಿತು. ಲ್ಯಾಬ್ ಸರ್‌ಗೆ ನಾನು ಹೇಳಿದ್ದು ಅದಾದ ಮೇಲೆ.

ಅವರು ಎಂದಿನಂತೆ, ಎಷ್ಟು ಉಳಿದಿದೆ ನೋಡಿ ಹೇಳುತ್ತೇನೆ ಎಂದರು. ಕಾರ್ಖಾನೆಯವರು ಕಳಿಸಿದ್ದ ಪರೀಕ್ಷೆಯ ಪ್ರೋಗ್ರಾಮನ್ನು ಹಾಕಿ, ತಾವೇ ಒಂದು ಸೀಟಿನಲ್ಲಿ ಕೂತು, ಎಲ್ಲ ಪ್ರಶ್ನೆ, ಎಲ್ಲ ನಕ್ಷೆಗಳನ್ನು ತೆರೆದು ನೋಡಿದರು. ಒಬ್ಬರಿಗೆ ಕಾಲು ಜಿಬಿ ಹೋಗುತ್ತಿತ್ತು. ಪೆನ್ಸಿಲ್ಲಿನಲ್ಲಿ ಕೂಡಿ ಕಳೆದು, ನೋಟ್‌ಬುಕ್ಕಿನ ಹಾಳೆ ಹರಿದು ನನ್ನ ಮೇಜಿಗೆ ತಂದರು.

“ನಲವತ್ನಾಲ್ಕು ಸೀಟು ರೀ ಸರ. ಅದರ ಮ್ಯಾಗ ಒಂದೂ ಇಲ್ಲ. ಉಳದ ಹದಿನಾರು ಮಂದಿಗಿ ಮಧ್ಯಾಹ್ನ ಕರೀರಿ.”

ಪ್ರಶ್ನೆಪತ್ರಿಕೆ ಒಂದೇ ಇರುವುದರಿಂದ ಎರಡು ಸರದಿ ಆಗುವುದಿಲ್ಲವೆಂದು ಕಾರ್ಖಾನೆಯ ಅಧಿಕಾರಿ ಮೊದಲೇ ಹೇಳಿದ್ದರು. ಅದನ್ನು ಇವರಿಗೆ ತಿಳಿಸಿದೆ. ಹಾಗಿದ್ದರೆ ಹದಿನಾರು ಮಂದಿಗೆ ಬರಬೇಡಿ ಎಂದು ಈಗಲೇ ಹೇಳಿ, ಬಂದು ನಿಂತ ಮೇಲೆ ಹೇಳುವುದಕ್ಕಿಂತ ಅದು ವಾಸಿ ಎಂದರು. ನೋಡೋಣ ಎಂದೆ. ಅವರು ಸರ್ವರಿನ ಒಂದು ಕಡತದಲ್ಲಿ ನಲವತ್ನಾಲ್ಕು ಎಂದು ಬರೆದಿಟ್ಟರು. ಅಷ್ಟು ಮಂದಿ ಒಳಗೆ ಬಂದ ಮೇಲೆ ಮುಂದಿನವರಿಗೆ ಪರದೆ ತೆರೆಯುವುದಿಲ್ಲ.

ಪರೀಕ್ಷೆಯ ದಿನ ಅರವತ್ತೂ ಮಂದಿ ಬಂದರು. ಮೊದಲ ಬಸ್ಸು ಹಿಡಿದು ಬಂದವರು, ಅಪ್ಪ ಅವ್ವನ ಜೊತೆ ಬಂದವರು ವರಾಂಡದಲ್ಲಿ ಬುತ್ತಿ ಇಟ್ಟುಕೊಂಡು ಕೂತಿದ್ದರು. ಲ್ಯಾಬ್ ಸರ್ ಬಂದವರ ಗುರುತಿನ ಚೀಟಿ ನೋಡುವ ಕೆಲಸದಲ್ಲಿದ್ದರು. ಸರ್ವರಿನ ಪಾಸ್‌ವರ್ಡ್ ಗೊತ್ತಿದ್ದದ್ದು ನಮ್ಮಿಬ್ಬರಿಗೇ. ನಾನು ಸಣ್ಣ ಖೋಲಿಗೆ ಹೋಗಿ ನಲವತ್ನಾಲ್ಕನ್ನು ಅಳಿಸಿ ಅರವತ್ತು ಮಾಡಿದೆ. ಈ ಮನುಷ್ಯ ಹೊಟ್ಟೆ ತುಂಬುವ ಮೊದಲೇ ಕೈ ಅಡ್ಡ ಹಿಡಿಯುವವರು, ಇವರ ನಲವತ್ನಾಲ್ಕು ಎಂದರೆ ಅರವತ್ತೇ ಎಂದು ಒಳಗೊಳಗೇ ನಗುತ್ತ ಮಾಡಿದೆ. ಪ್ರಿನ್ಸಿಪಾಲರ ಮುಂದೆ ನನ್ನ ಮಾತು ಉಳಿಯಬೇಕಾಗಿತ್ತು ಎಂಬುದೂ ಇದರಲ್ಲಿತ್ತು.

ಹತ್ತಕ್ಕೆ ಅರವತ್ತೂ ಪರದೆಗಳು ಹತ್ತಿಕೊಂಡವು. ಅವರು ಕೊನೆಯ ಸಾಲಿನವರೆಗೆ ನಡೆದುಹೋಗಿ ನೋಡಿ, ನೇರ ನನ್ನ ಹತ್ತಿರ ಬಂದು, ಬದಲಿ ಮಾಡಿದಿರಾ ಎಂದು ಕೇಳಿದರು. ಹೌದು, ಎಲ್ಲ ಸರಿಯಾಗಿ ನಡೆದಿದೆ ನೋಡಿ ಎಂದೆ. ಅವರು ದನಿ ಏರಿಸಲಿಲ್ಲ.

“ಈಗಷ್ಟೇ ಕುಂತಾರ, ಅದಕ್ಕ ನಡದದ. ನಕ್ಷೆ ತೆರೀಲಿಕತ್ತ ಮ್ಯಾಗ ನಡಿಯಂಗಿಲ್ಲ. ಈಗ ಎಬ್ಬಿಸಿದ್ರ ಯಾರನ್ನ ಎಬ್ಬಿಸಬೇಕಂತ ನಮ್ಮ ಕೈಯಾಗ ಅದ. ಆಮ್ಯಾಲ ಇರಂಗಿಲ್ಲ.”

ಅವರ ಮಾತು ನನಗೆ ಅರ್ಥವಾಯಿತು. ಪಾಠ ಹೇಳುವವನು ನಾನು, ಅರ್ಥವಾಗದೆ ಹೇಗೆ? ಕರ್ನೆಲ್ ಮಾತು ಕೊಡುವುದರಲ್ಲಿ ಧಾರಾಳಿ. ಕೇಳಿದವರಿಗೆಲ್ಲ ಇದೆ ತಗೋ ಎನ್ನುತ್ತದೆ, ಕೇಳಿದ್ದನ್ನೆಲ್ಲ ಯಾರೂ ಬಳಸುವುದಿಲ್ಲವೆಂಬ ಧೈರ್ಯದ ಮೇಲೆ. ಎಲ್ಲರೂ ನಿಜವಾಗಿ ಬಳಸತೊಡಗಿ ಮೆಮೊರಿ ಮುಗಿದುಹೋದರೆ, ಇಡೀ ಯಂತ್ರ ನಿಲ್ಲಬಾರದೆಂದು, ಎಲ್ಲರಿಗಿಂತ ಹೆಚ್ಚು ಜಾಗ ಹಿಡಿದವರನ್ನು ತಾನೇ ಆರಿಸಿ ಹೊರಗೆ ಹಾಕುತ್ತದೆ. ಇದೆಲ್ಲ ಗೊತ್ತಿದ್ದೂ, ಕೂತ ಮಕ್ಕಳನ್ನು ಹೇಗೆ ಎಬ್ಬಿಸುವುದು, ಹೊರಗೆ ಅವರ ತಂದೆತಾಯಿ ಇದ್ದಾರೆ, ನಡೆಯಲಿ ಬಿಡಿ ಎಂದೆ. ಅವರು ಸಣ್ಣ ಖೋಲಿಗೆ ಹೋಗಿ ಪರದೆಯ ಮುಂದೆ ಕೂತರು.

ಐವತ್ತು ನಿಮಿಷಕ್ಕೆ ಮೊದಲ ಪರದೆ ಕಪ್ಪಾಯಿತು. ಎರಡನೇ ಸಾಲಿನ ಹುಡುಗಿ, ಚಿಮ್ಮನಚೋಡದವಳು, ಎರಡೂ ಕೈಗಳನ್ನು ಕೀಲಿಮಣೆಯಿಂದ ಮೇಲೆತ್ತಿಕೊಂಡು ನಿಂತುಬಿಟ್ಟಳು. “ನಾ ಏನೂ ಒತ್ತಿಲ್ರಿ ಸರ” ಎಂದಳು. ನಾನು ಅವಳ ಬಳಿ ಹೋಗುವಷ್ಟರಲ್ಲಿ ಹಿಂದೆ ಇನ್ನೊಂದು ಹೋಯಿತು. ಕಾಲು ತಾಸಿನಲ್ಲಿ ಎಂಟು. ಆಮೇಲೆ ನಿಂತಿತು. ಉಳಿದ ಐವತ್ತೆರಡು ಮಂದಿ ತಲೆ ತಗ್ಗಿಸಿ ಬರೆಯುತ್ತಲೇ ಇದ್ದರು.

ಎಲ್ಲರಿಗಿಂತ ಹೆಚ್ಚು ಜಾಗ ಹಿಡಿದವರು ಯಾರು? ಎಲ್ಲರಿಗಿಂತ ಹೆಚ್ಚು ಪ್ರಶ್ನೆ ಮುಗಿಸಿ, ಎಲ್ಲರಿಗಿಂತ ಹೆಚ್ಚು ನಕ್ಷೆ ತೆರೆದವರು. ಆ ಎಂಟೂ ಮಂದಿ ಮುಂದಿದ್ದವರು. ಅವರು ಬರೆದದ್ದೆಲ್ಲ ಅಳಿಸಿಹೋಗಿತ್ತು. ಅಧಿಕಾರಿಯ ಬಳಿ ಬೇರೆ ಪ್ರಶ್ನೆಪತ್ರಿಕೆ ಇರಲಿಲ್ಲ. ಪೂರ್ಣವಾದ ಐವತ್ತೆರಡನ್ನಷ್ಟೇ ತೆಗೆದುಕೊಂಡು ಹೋದರು. ಆಯ್ಕೆಯಾದ ಹನ್ನೆರಡು ಹೆಸರುಗಳು ಮುಂದಿನ ವಾರ ಬಂದವು.

ಪರೀಕ್ಷೆಯಾದ ಎರಡು ದಿನದ ಮೇಲೆಯೇ ಪ್ರಿನ್ಸಿಪಾಲರು ನಮ್ಮಿಬ್ಬರನ್ನೂ ಕರೆದಿದ್ದರು. ಲ್ಯಾಬ್ ಸರ್ ಆ ಎರಡು ದಿನವೂ ಲೆಕ್ಕ ಮಾಡುತ್ತಲೇ ಇದ್ದರೆಂದು ನನಗೆ ಗೊತ್ತಿರಲಿಲ್ಲ. ಪ್ರಿನ್ಸಿಪಾಲರು ನನ್ನ ಮೇಜಿನಿಂದ ತರಿಸಿಕೊಂಡಿದ್ದ ನಲವತ್ನಾಲ್ಕರ ಹಾಳೆಯನ್ನು ಎತ್ತಿ ಹಿಡಿದು, ಈ ಲೆಕ್ಕ ಯಾರದು ಎಂದು ಕೇಳಿದರು.

“ನಂದ್ರಿ. ಲೆಕ್ಕ ತಪ್ಪದ” ಎಂದರು ಅವರು.

ತಪ್ಪು ಏನೆಂದೂ ವಿವರಿಸಿದರು. ಟವೆಲ್ ಹಾಕಿದ ಜಾಗದಲ್ಲಿ ಅರ್ಧ ಸಿಗುವುದಿಲ್ಲವೆಂದು ಅವರು ಯಾವಾಗಲೂ ಹಿಡಿಯುತ್ತಿದ್ದರಲ್ಲ, ಕರ್ನೆಲ್‌ನ ನಿಯಮ ಅದಲ್ಲ. ಕರ್ನೆಲ್‌ಗೆ ಎಚ್ಚರಿಕೆಯ ಒಂದು ಗೆರೆ ಇರುತ್ತದೆ. ಆ ಗೆರೆಯಷ್ಟು, ಇಲ್ಲವೇ ಅರ್ಧದಷ್ಟು, ಎರಡರಲ್ಲಿ ಯಾವುದು ಚಿಕ್ಕದೋ ಅಷ್ಟನ್ನು ಮಾತ್ರ ಕೈಬಿಡಬೇಕು. ನಮ್ಮ ಸರ್ವರಿನಲ್ಲಿ ಆ ಗೆರೆ ತೀರ ಸಣ್ಣದು. ಅರ್ಧ ಹಿಡಿದರೆ ಅಪಾಯವಿಲ್ಲವೆಂದು ಅದನ್ನೇ ರೂಢಿ ಮಾಡಿಕೊಂಡು, ಸುಮಾರು ಎರಡು ಜಿಬಿಯನ್ನು ಸುಮ್ಮನೆ ಬಿಟ್ಟಿದ್ದರು. ಎರಡು ಜಿಬಿ ಎಂದರೆ ಎಂಟು ಸೀಟು. ನಲವತ್ನಾಲ್ಕಲ್ಲ, ಐವತ್ತೆರಡು ಮಂದಿ ಕೂರಬಹುದಿತ್ತು. ಯಂತ್ರವೂ ಅಷ್ಟೇ ಮಂದಿಯನ್ನು ಉಳಿಸಿಕೊಂಡಿತ್ತು.

ಪ್ರಿನ್ಸಿಪಾಲರಿಗೆ ಇದರಲ್ಲಿ ಕೇಳಿಸಿದ್ದು ತಪ್ಪು ಎಂಬುದೊಂದೇ. ಲ್ಯಾಬ್ ಸರ್ ಹೇಳಿದ್ದಕ್ಕಿಂತ ಹೆಚ್ಚಿಗೆ ಜಾಗವಿತ್ತು, ಆ ತಪ್ಪಿನಿಂದ ಯಂತ್ರ ತುಂಬುವುದಿಲ್ಲ ಎಂಬುದನ್ನು ಅವರು ಯೋಚಿಸಲಿಲ್ಲ. ಪ್ರಿನ್ಸಿಪಾಲರಿಗೆ ಕಾರ್ಖಾನೆಗೆ ಬರೆಯಲು ಒಂದು ಹೆಸರು ಬೇಕಿತ್ತು, ಸಿಕ್ಕಿತು. ನಾನು ಪಕ್ಕದ ಕುರ್ಚಿಯಲ್ಲೇ ಕೂತಿದ್ದೆ. ಬಾಯಿ ತೆರೆಯಲಿಲ್ಲ. ನನಗೆ ಭಯವಾಗಿತ್ತು, ಅದಕ್ಕಿಂತ ಹೆಚ್ಚಾಗಿ ಹಗುರವಾಗಿತ್ತು. ಹಾಗೆ ಹಗುರವಾದದ್ದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಹೇಸಿಗೆ ಬರುತ್ತದೆ.

ಅವರನ್ನು ಲ್ಯಾಬಿನಿಂದ ತೆಗೆದು ಲೈಬ್ರರಿಗೆ ಹಾಕಿದರು. ಸರ್ವರಿನ ಗುಂಡಿಯನ್ನು ಬೇರೆ ಯಾರೋ ಒತ್ತತೊಡಗಿದರು. ಲೈಬ್ರರಿಯಲ್ಲಿ ಅವರು ಪ್ರತಿ ಕಪಾಟಿನ ಸಾಲಿನಲ್ಲೂ ಕೊನೆಗೆ ಒಂದು ಗೇಣು ಜಾಗ ಖಾಲಿ ಬಿಟ್ಟು ಪುಸ್ತಕ ಜೋಡಿಸಿದರು. ಉಳಿದವರಿಗೆ ಅದೊಂದು ತಮಾಷೆಯಾಯಿತು. ನಾನು ಆ ತಮಾಷೆಯಲ್ಲಿ ಸೇರಲಿಲ್ಲ, ತಡೆಯಲೂ ಇಲ್ಲ.

ಒಂದು ಸಂಜೆ ವಾಡಿಯ ಪ್ಲಾಟ್‌ಫಾರ್ಮಿನಲ್ಲಿ ಗಾಡಿಗೆ ಕಾಯುವಾಗ ಧೈರ್ಯ ಮಾಡಿ ಕೇಳಿದೆ, ಬದಲಿ ಮಾಡಿದವನು ನಾನೆಂದು ನೀವು ಯಾಕೆ ಹೇಳಲಿಲ್ಲ ಎಂದು. ನನ್ನನ್ನು ಉಳಿಸಲು ಸುಮ್ಮನಿದ್ದೆ ಎನ್ನುತ್ತಾರೆ, ನಾನು ಕೃತಜ್ಞತೆ ಹೇಳಿ ಮುಗಿಸಿಬಿಡಬಹುದು ಎಂಬುದು ನನ್ನ ಎಣಿಕೆ.

“ಅವರು ಲೆಕ್ಕ ಯಾರದು ಅಂತ ಕೇಳಿದ್ರು, ಹೇಳಿದೆ. ಬದಲಿ ಮಾಡಿದವರು ಯಾರು ಅಂತ ಕೇಳಿದ್ರ ನಿಮ್ಮ ಹೆಸರು ಹೇಳ್ತಿದ್ದೆ. ಕೇಳಲಿಲ್ಲ.” ಗಾಡಿ ಬರುವ ದಿಕ್ಕಿಗೆ ತಿರುಗಿ, “ನೀವೂ ಅಲ್ಲೇ ಕುಂತಿದ್ರಿ” ಎಂದರು.

ಸಿಟ್ಟಿನಿಂದ ಹೇಳಿದ್ದರೆ ವಾಸಿಯಿತ್ತು. ಗಾಡಿ ಎಷ್ಟು ಹೊತ್ತಿಗೆ ಎಂದು ಕೇಳಿದರೆ ಹೇಳುವ ದನಿಯಲ್ಲೇ ಹೇಳಿದರು. ಗಾಡಿ ಬಂತು, ಹತ್ತಿದೆವು. ಮರುದಿನದಿಂದ ನಾನು ಬೇರೆ ಡಬ್ಬಿ ಹತ್ತತೊಡಗಿದೆ. ಅವರು ನಿವೃತ್ತರಾದ ದಿನ ಶಾಲು ಹೊದಿಸಿದವನು ನಾನೇ, ಆ ದಿನ ನಾಲ್ಕು ಒಳ್ಳೆಯ ಮಾತನ್ನೂ ಆಡಿದೆ. ಆಮೇಲೆ ಮೂರು ವರ್ಷ ನಾನು ಅವರನ್ನು ನೋಡಲಿಲ್ಲ.

ತೀರಿಕೊಂಡ ಸುದ್ದಿ ಗೊತ್ತಾಗಿ ಗಣಾರಾಧನೆಯ ದಿನ ಸೇಡಂಗೆ ಹೋದೆ. ಅಂಗಳದಲ್ಲಿ ಊಟದ ಪಂಕ್ತಿ ನಡೆದಿತ್ತು. ನೀರು ಬಡಿಸುತ್ತಿದ್ದ ಒಬ್ಬ ಹೆಣ್ಣುಮಗಳು ನನ್ನ ಮುಂದೆ ನಿಂತು, ಗುರುತು ಸಿಕ್ಕಿತೇ ಎಂದು ಕೇಳಿದಳು. ಸಿಗಲಿಲ್ಲ. ಚಿಮ್ಮನಚೋಡದವಳು, ಪರೀಕ್ಷೆಯಲ್ಲಿ ಮೊದಲು ಪರದೆ ಹೋದದ್ದು ನನ್ನದೇ ಎಂದಳು. ಈಗ ಚಿಂಚೋಳಿಯ ಒಂದು ಶಾಲೆಯಲ್ಲಿ ಕಂಪ್ಯೂಟರ್ ಕಲಿಸುತ್ತಾಳಂತೆ. ಊಟ ಮುಗಿದ ಮೇಲೆ ನಾನೇ ಅವಳನ್ನು ಹುಡುಕಿಕೊಂಡು ಹೋಗಿ, ಈ ಮನೆಯ ಪರಿಚಯ ಹೇಗೆ ಎಂದು ವಿಚಾರಿಸಿದೆ.

ಪರೀಕ್ಷೆಯಾದ ಎರಡನೇ ಭಾನುವಾರ ಅವರು ಅವಳ ಮನೆಗೆ ಹೋಗಿದ್ದರು. ಬಸ್ಸು ಬದಲಿಸಿ, ವಿಳಾಸ ಕೇಳಿಕೊಂಡು, ಬಿಸಿಲಲ್ಲಿ ನಡೆದು. ಅವಳೊಬ್ಬಳ ಮನೆಗಲ್ಲ. ಒಂದೊಂದು ಭಾನುವಾರ ಒಂದೊಂದು ಊರು ಹಿಡಿದು ಎಂಟೂ ಮನೆಗಳಿಗೆ ಹೋಗಿಬಂದಿದ್ದರು. ನಮ್ಮ ಕಾಲೇಜಿನಲ್ಲಿ ಯಾರಿಗೂ ಇದು ಗೊತ್ತಿರಲಿಲ್ಲ.

“ಅಲ್ಲೀ ತನಕ ನಾನೇ ಏನೋ ತಪ್ಪು ಒತ್ತೀನಿ ಅಂತ ತಿಳಕೊಂಡಿದ್ದೆ ರೀ. ಮನ್ಯಾಗೂ ಹಾಂಗೇ ಅಂತಿದ್ರು. ಸರ ಬಂದು ನಮ್ಮ ಅಪ್ಪನ ಮುಂದ ಕುಂತು, ನಿಮ್ಮ ಮಗಳು ಎಲ್ಲಾರಿಗಿಂತ ಮುಂದಿದ್ಲು, ಅದಕ್ಕೇ ಮಷೀನು ಆಕೀನ ಎಬ್ಬಿಸ್ತು ಅಂದ್ರು. ನಂದೊಂದು ತಪ್ಪದ, ಅದನ್ನ ಹೇಳಲಿಕ್ಕ ಬಂದೀನಿ, ಇನ್ನೊಬ್ಬರದೂ ಒಂದದ, ಅದನ್ನ ಅವರೇ ಬಂದು ಹೇಳ್ತಾರ ಅಂದ್ರು. ಹೆಸರು ಹೇಳಲಿಲ್ಲ.”

ಮಡಿಚುತ್ತಿದ್ದ ಚಾಪೆಯನ್ನು ಅವಳು ಗೋಡೆಗೆ ಒರಗಿಸಿದಳು.

“ಯಾರೂ ಬರಲಿಲ್ರಿ” ಎಂದಳು.

ಹನ್ನೊಂದು ವರ್ಷ ಜೊತೆಗಿದ್ದು ನಾನು ಅವರನ್ನು ಅಳೆದದ್ದು ತಪ್ಪು. ನಾನು ಅವರ ಮಾತಿಗೆ ಯಾವಾಗಲೂ ಕೂಡಿಸಿಯೇ ಕೇಳುತ್ತಿದ್ದೆ. ಅವರು ಮಾತ್ರ ನನ್ನ ವಿಷಯದಲ್ಲಿ ಏನನ್ನೂ ಕಳೆಯದೆ, ಬಂದು ಹೇಳುತ್ತಾರೆ ಎಂದು ಎಂಟು ಮನೆಗಳಲ್ಲಿ ಹೇಳಿ ಹೋಗಿದ್ದರು.

“ಅದು ನಾನೇ ತಂಗಿ. ಅವರು ನಲವತ್ನಾಲ್ಕು ಅಂತ ಬರದಿಟ್ಟಿದ್ರು. ನಾನು ಅಳಿಸಿ ಅರವತ್ತು ಮಾಡ್ದೆ” ಎಂದೆ.

ಅವಳು ಬಯ್ಯಲಿಲ್ಲ. ಇರಲಿ ಬಿಡಿ ಎಂದೂ ಅನ್ನಲಿಲ್ಲ.

“ಉಳದ ಏಳು ಮಂದಿಗಿ ಹೇಳೀರೇನ್ರಿ?”

ಇಲ್ಲ ಎಂದೆ. ಫೋನ್ ನಂಬರುಗಳಿದ್ದರೆ ಕೊಡು, ಇವತ್ತೇ ಹೇಳುತ್ತೇನೆ ಎಂದೆ.

“ಫೋನಿನ್ಯಾಗ ಬ್ಯಾಡ್ರಿ. ಸರ ಮನಿಗಿ ಬಂದಿದ್ರು” ಎಂದಳು. “ಒಂದೊಂದೇ ಊರು ಹೇಳ್ತೀನಿ, ಬರಕೋರಿ.”

ಮೊದಲು ಭಂಕೂರ ಎಂದಳು. ನಾನು ಬರೆದುಕೊಂಡೆ.